ಜನವರಿಯ ಚಳಿಯಲ್ಲಿ ಟ್ರೌಟ್ ಕಚ್ಚುತ್ತದೆಯೇ? ಆ ನೀರಿಗೆ ಇಳಿಯಬಹುದೇ?

ಓದುಗರ ಪ್ರಶ್ನೆ: "ನಾನು ಅಂಕೋಲೆಯವನು. ಹೈಸ್ಕೂಲ್ ಮಾಸ್ತರಿಕೆ ಮಾಡಿ ನಿವೃತ್ತನಾಗಿದ್ದೇನೆ, ವಯಸ್ಸು 64. ಸಣ್ಣಂದಿನಿಂದ ಗಂಗಾವಳಿಯಲ್ಲಿ ಗಾಳ ಹಾಕಿದ ಕೈ. ಮಗ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಬರುವ ಜನವರಿಯಲ್ಲಿ ನಾನೂ ಮನೆಯವಳೂ ಅಲ್ಲಿಗೆ ಹೊರಟಿದ್ದೇವೆ. ಮಗ ಫ್ಲೈ ರಾಡ್ ತೆಗೆದಿಟ್ಟಿದ್ದಾನೆ, ಸೌತ್ ಪ್ಲಾಟ್ ನದಿಗೆ ಟ್ರೌಟ್ ಹಿಡಿಯಲು ಕರೆದುಕೊಂಡು ಹೋಗುತ್ತಾನಂತೆ. ಚಳಿಗಾಲದಲ್ಲಿ ಮೀನು ಕೆಸರಲ್ಲಿ ಮಲಗಿರುತ್ತದೆ, ಕಚ್ಚುವುದೇ ಇಲ್ಲ ಅಂತ ಭಾವ ಹೇಳುತ್ತಾರೆ. ಅಲ್ಲಿಗೆ ಹೋಗಿಬಂದ ನೆರೆಯವರೊಬ್ಬರು, ಎದೆಮಟ್ಟದ ರಬ್ಬರ್ ಉಡುಪಿನೊಳಗೆ ನೀರು ತುಂಬಿದರೆ ಅದು ಮನುಷ್ಯನನ್ನು ತಳಕ್ಕೆ ಎಳೆಯುತ್ತದೆ ಎಂದು ಹೆದರಿಸಿದ್ದಾರೆ. ನನಗೆ ಬಿಪಿ ಇದೆ, ಅಟೆನೊಲಾಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಒಂದು ಪೆಗ್ ಬ್ರಾಂಡಿ ಹಾಕಿ ನೀರಿಗಿಳಿದರೆ ಚಳಿ ತಾಗುವುದಿಲ್ಲ ಎನ್ನುವವರೂ ಇದ್ದಾರೆ. ತಿನ್ನುವುದಕ್ಕಲ್ಲದೆ ಹಿಡಿದು ಬಿಡುವುದು ಪಾಪವಲ್ಲವೇ ಎಂಬುದು ಮನೆಯವಳ ಪ್ರಶ್ನೆ. ಫೆಬ್ರವರಿಯಲ್ಲಿ ದಿಲ್ಲಿಯ ಮೇಲೆ ವಾಪಸಾಗುವಾಗ ಹಿಮಾಚಲದ ತೀರ್ಥನ್ ನದಿಗೂ ಹೋಗಿಬರಬಹುದೇ? ಅದೇ ರಾಡನ್ನು ಗಂಗಾವಳಿಯಲ್ಲಿ ಬಳಸಬಹುದೇ?"

ಮಾಸ್ತರ್ರೇ, ಮೊದಲು ನೇರ ಉತ್ತರ. ಸೌತ್ ಪ್ಲಾಟ್‌ಗೆ ಖಂಡಿತ ಹೋಗಿ. ಮೀನು ಕಚ್ಚುತ್ತದೆ. ಆದರೆ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ, ಸಾಧ್ಯವಾದರೆ ದಡದಿಂದಲೇ ಹಿಡಿಯಿರಿ. ಹೊರಡುವ ಮುಂಚೆ ನಿಮ್ಮ ಡಾಕ್ಟರರ ಬಳಿ ಕೂತು, ಸೊನ್ನೆಯ ಹತ್ತಿರದ ಚಳಿಯಲ್ಲಿ ಹೊಳೆಯ ಬದಿ ನಿಲ್ಲುವುದಿದೆ ಎಂದು ಬಿಡಿಸಿ ಹೇಳಿ. ಫೆಬ್ರವರಿಯಲ್ಲಿ ತೀರ್ಥನ್ ಬೇಡ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ನಿಜವಿದೆ. ಟ್ರೌಟ್ ಶೀತರಕ್ತದ ಪ್ರಾಣಿ. ನೀರು ಎಷ್ಟು ತಣ್ಣಗೋ ಅದರ ಮೈ ಅಷ್ಟೇ ತಣ್ಣಗೆ, ಮೈ ತಣ್ಣಗಾದಷ್ಟೂ ಹಸಿವು ಕಡಿಮೆ, ಜೀರ್ಣವೂ ನಿಧಾನ. ನೀರು 12ರಿಂದ 16 ಡಿಗ್ರಿ ಇರುವಾಗ ಅದು ಚುರುಕಾಗಿ ಬೇಟೆಯಾಡುತ್ತದೆ. 4 ಡಿಗ್ರಿಗಿಂತ ಕೆಳಗೆ ಇಳಿದರೆ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಹಾಗೆಂದು ನಿದ್ದೆ ಹೋಗುವುದಿಲ್ಲ, ಕೆಸರಿನಲ್ಲಿ ಹೂತುಕೊಳ್ಳುವುದಂತೂ ಇಲ್ಲವೇ ಇಲ್ಲ. ನಮ್ಮ ಗದ್ದೆಯ ಕೆರೆ ಬತ್ತಿದಾಗ ಕೆಸರಿಗೆ ಸೇರುವ ಮೀನುಗಳನ್ನು ನೋಡಿದವರಿಗೆ ಹಾಗೆ ಅನಿಸುವುದು ಸಹಜ. ಟ್ರೌಟ್‌ಗೆ ಆ ವಿದ್ಯೆಯಿಲ್ಲ. ಅದು ಆಳದ, ಹರಿವು ನಿಧಾನವಿರುವ ಗುಂಡಿಯ ತಳದಲ್ಲಿ ಶಕ್ತಿ ಉಳಿಸಿಕೊಂಡು ನಿಂತಿರುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆ ಮೂತಿಯ ಮುಂದೆ ಹುಲ್ಲು ಹಾಕಿದರೆ ತಿನ್ನುತ್ತದೆ, ಎರಡು ಮಾರು ಆಚೆ ಎಸೆದರೆ ನೋಡುತ್ತ ನಿಲ್ಲುತ್ತದೆ. ಜನವರಿಯ ಟ್ರೌಟ್ ಹಾಗೆಯೇ. ಬಾಯಿಯ ಮುಂದಕ್ಕೇ ತೇಲಿ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ.

ಅದಕ್ಕಾಗಿಯೇ ಚಳಿಗಾಲದಲ್ಲಿ ಯಾವ ನದಿ ಎಂಬುದಕ್ಕಿಂತ ನದಿಯ ಯಾವ ಭಾಗ ಎಂಬುದು ಮುಖ್ಯ. ಮಗ ಸೌತ್ ಪ್ಲಾಟ್ ಎಂದದ್ದು ತಿಳಿದೇ ಇರಬೇಕು. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆಳವಾದ ಜಲಾಶಯದ ಮೇಲ್ಮೈ ಹೆಪ್ಪುಗಟ್ಟಿದರೂ ತಳದಲ್ಲಿ ಈ 4 ಡಿಗ್ರಿಯ ನೀರು ಉಳಿದಿರುತ್ತದೆ. ಅಣೆಕಟ್ಟಿನ ಬುಡದಿಂದ ಬಿಡುವ ನೀರು ಅದೇ. ಹೀಗಾಗಿ ಸುತ್ತ ಹಿಮ ಬಿದ್ದು ಗಾಳಿ ಮೈನಸ್ ಹತ್ತರಲ್ಲಿದ್ದರೂ ಅಣೆಕಟ್ಟಿನ ಕೆಳಗೆ ಕೆಲವು ಮೈಲು ಹೊಳೆ ಹೆಪ್ಪುಗಟ್ಟದೆ ಹರಿಯುತ್ತದೆ. ಅಲ್ಲಿನವರು ಇದನ್ನು ಟೇಲ್‌ವಾಟರ್ ಎನ್ನುತ್ತಾರೆ. ಸೌತ್ ಪ್ಲಾಟ್‌ನಲ್ಲಿ 1905ರಲ್ಲಿ ಕಟ್ಟಿ ಮುಗಿಸಿದ ಚೀಸ್‌ಮನ್ ಅಣೆಕಟ್ಟಿದೆ, ಅದರ ಕೆಳಗಿನ ಕಣಿವೆ ಮತ್ತು ಡೆಕರ್ಸ್ ಎಂಬ ಸಣ್ಣ ಊರಿನ ಸುತ್ತಲ ಹೊಳೆ ವರ್ಷವಿಡೀ ಫ್ಲೈ ಮೀನುಗಾರರು ಬರುವ ಜಾಗ. ನಿಮಗೆ ನಾನು ಹೇಳುವುದು ಡೆಕರ್ಸ್. ಅಲ್ಲಿ ರಸ್ತೆ ಹೊಳೆಯ ಪಕ್ಕದಲ್ಲೇ ಸಾಗುತ್ತದೆ, ಚಳಿ ಹತ್ತಿತೆಂದರೆ ನಾಲ್ಕು ಹೆಜ್ಜೆಯಲ್ಲಿ ಕಾರಿನ ಹೀಟರ್. ಚೀಸ್‌ಮನ್ ಕಣಿವೆಗೆ ಬೆಟ್ಟದ ಕಾಲುದಾರಿಯಲ್ಲಿ ನಡೆದು ಇಳಿಯಬೇಕು. ಜನವರಿಯಲ್ಲಿ ಆ ದಾರಿ ಮಂಜುಗಡ್ಡೆಯಿಂದ ಜಾರುತ್ತದೆ. ಮಗನ ಪ್ರಾಯಕ್ಕೆ ಅದು ಸರಿ. ಡೆಕರ್ಸ್‌ನಲ್ಲೂ ಚಳಿ ಅತಿಯಾದರೆ ದಕ್ಷಿಣಕ್ಕೆ ಪ್ಯೂಬ್ಲೊ ಊರಿನ ಅಣೆಕಟ್ಟಿನ ಕೆಳಗೆ ಅರ್ಕನ್ಸಾ ನದಿ ಇದೆ. ಎತ್ತರ ಕಡಿಮೆ, ಹವೆ ಸ್ವಲ್ಪ ಬೆಚ್ಚಗೆ, ಓಡಾಡುವ ಜಾಗ ಸಮತಟ್ಟು.

ಗಂಗಾವಳಿಯಲ್ಲಿ ನೀವು ಕಲಿತ ಕೆಲಸದಲ್ಲಿ ಅರ್ಧ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಅರ್ಧವನ್ನು ಬದಿಗಿಡಬೇಕಾಗುತ್ತದೆ. ನಮ್ಮ ಗಾಳದಲ್ಲಿ ಸೀಸದ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಎಂದರೆ ಸಣ್ಣ ಕೊಕ್ಕೆಗೆ ನೂಲು, ಗರಿ, ತಂತಿ ಸುತ್ತಿ ಹುಳದ ಹಾಗೆ ಮಾಡಿದ್ದು. ಅದಕ್ಕೆ ತೂಕವೇ ಇಲ್ಲ. ದಪ್ಪ ಲೈನಿನ ತೂಕವೇ ಅದನ್ನು ಒಯ್ಯಬೇಕು. ತೋಳಿನ ಬಲದಿಂದ ಬೀಸಿದರೆ ಲೈನು ಕಾಲ ಬಳಿ ಗುಪ್ಪೆಯಾಗಿ ಬೀಳುತ್ತದೆ. ಹಿಂದಕ್ಕೆ ಎತ್ತಿ, ಲೈನು ಹಿಂದೆ ನೆಟ್ಟಗಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಿ ನಿಲ್ಲಿಸಬೇಕು. ಆ ತಡೆಯುವ ಕ್ಷಣ ಕೈಗೆ ಹತ್ತಿದರೆ ಉಳಿದದ್ದು ಬರುತ್ತದೆ. ಹೋಗುವ ಮುಂಚೆ ಮಗ ಮನೆಯ ಹತ್ತಿರದ ಪಾರ್ಕಿನ ಹುಲ್ಲಿನ ಮೇಲೆ ಎರಡು ಸಂಜೆ ಅಭ್ಯಾಸ ಮಾಡಿಸಲಿ. ಹೊಳೆಯ ಬದಿ, ಮರಗಟ್ಟಿದ ಬೆರಳಲ್ಲಿ ಕಲಿಯುವ ವಿದ್ಯೆಯಲ್ಲ ಇದು.

ನೀರು ಓದುವ ಕಣ್ಣು ಮಾತ್ರ ನಿಮಗೆ ಈಗಾಗಲೇ ಇದೆ. ಎಲ್ಲಿ ಹರಿವು ಕಲ್ಲಿಗೆ ಬಡಿದು ತಿರುಗುತ್ತದೆ, ಎಲ್ಲಿ ವೇಗದ ನೀರಿಗೂ ನಿಧಾನದ ನೀರಿಗೂ ನಡುವೆ ಗೆರೆ ಮೂಡುತ್ತದೆ ಎಂದು ನೋಡುವುದು ಎರಡೂ ಹೊಳೆಯಲ್ಲಿ ಒಂದೇ. ಚಳಿಗಾಲದಲ್ಲಿ ಆ ಗೆರೆಯ ನಿಧಾನದ ಬದಿಗೆ, ಆಳಕ್ಕೆ ಹೋಗಬೇಕು. ಅಲ್ಲಿ ಟ್ರೌಟ್‌ನ ಊಟ ಮುಖ್ಯವಾಗಿ ಮಿಡ್ಜ್. ಸೊಳ್ಳೆಯ ಹಾಗೆ ಕಾಣುವ, ಕಚ್ಚದ ಹುಳ. ಅದರ ಮರಿಹುಳಗಳು ತಳದ ಕೆಸರಿನಲ್ಲಿ ಬೆಳೆಯುತ್ತವೆ, ನಡುಚಳಿಯಲ್ಲೂ ಹೊರಬರುತ್ತವೆ. ಅಕ್ಕಿಕಾಳಿಗಿಂತ ಸಣ್ಣವು. ಹಾಗಾಗಿ ಫ್ಲೈ ಕೂಡ 20, 22ನೇ ನಂಬರಿನದು. ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು. ತುದಿಯ ದಾರ, ಅವರು ಟಿಪ್ಪೆಟ್ ಎನ್ನುವುದು, ಕೂದಲಿನಷ್ಟು ತೆಳು. ಅದರ 6ಎಕ್ಸ್ ಎಂಬ ಅಳತೆಯ ದಪ್ಪ ಸುಮಾರು 0.13 ಮಿಲಿಮೀಟರ್. ಇಷ್ಟು ಸಣ್ಣ ಕೊಕ್ಕೆಗೆ ಇಷ್ಟು ತೆಳು ದಾರ ಕಟ್ಟಲು ನಿಮಗೆ ಓದುವ ಕನ್ನಡಕ ಬೇಕೇ ಬೇಕು, ಅದಕ್ಕೆ ಕೊರಳದಾರ ಹಾಕಿಕೊಳ್ಳಿ. ಮನೆಯಲ್ಲೇ ಬೆಚ್ಚಗೆ ಕೂತು ನಾಲ್ಕಾರು ಸೆಟ್ ಕಟ್ಟಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು.

ಫ್ಲೈ ತಳಕ್ಕೆ ಹತ್ತಿರ, ನೀರಿನ ವೇಗದಲ್ಲೇ, ಎಳೆತವಿಲ್ಲದೆ ಸಾಗಬೇಕು. ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ. ನಮ್ಮ ಅಳಿವೆಯ ಕುರುಡೆ ಮೀನಿನಂತೆ ಹೊಡೆದು ಎಳೆಯುವ ಮೀನಿಗೆ ಒಗ್ಗಿದ ಕೈ ಇಲ್ಲಿ ಕಾಯುತ್ತಲೇ ಇರುತ್ತದೆ, ಅಷ್ಟರಲ್ಲಿ ಮೀನು ಉಗುಳಿ ಆಗಿರುತ್ತದೆ. ದಾರದ ಮೇಲಿನ ಬಣ್ಣದ ಬೆಂಡು ಒಂದಿಷ್ಟು ತಡವರಿಸಿದರೂ ಸಾಕು, ರಾಡನ್ನು ಮೆಲ್ಲಗೆ ಎತ್ತಿ. ಜೋರಾಗಿ ಎಳೆದರೆ ತುದಿದಾರ ಹರಿಯುತ್ತದೆ.

ಸಮಯದ ವಿಷಯದಲ್ಲಿ ನಮ್ಮ ರೂಢಿ ತಲೆಕೆಳಗು. ಇಲ್ಲಿ ನಾವು ಬೆಳಕು ಹರಿಯುವ ಮುಂಚೆ, ಭರತ ನೋಡಿಕೊಂಡು ಏಳುತ್ತೇವೆ. ಅಲ್ಲಿ ಜನವರಿಯಲ್ಲಿ ನಿಧಾನವಾಗಿ ತಿಂಡಿ ತಿಂದು ಹೊರಡಿ. ಬಿಸಿಲು ನೀರಿಗೆ ತಾಗಿ ಅದು ಒಂದು ಡಿಗ್ರಿ ಏರುವ ಹೊತ್ತು, 11ರಿಂದ 3 ಗಂಟೆ, ದಿನದ ಸಾರವೆಲ್ಲ ಅಷ್ಟರಲ್ಲೇ. ನಾನು ಚಳಿಗಾಲದ ಹೊಳೆಗೆ ಥರ್ಮಾಮೀಟರ್ ಇಲ್ಲದೆ ಹೋಗುವುದಿಲ್ಲ. ನೀರು 2 ಡಿಗ್ರಿ ಇದ್ದು, ಅದರಲ್ಲಿ ಮಂಜಿನ ಚೂರುಗಳು ಗಂಜಿಯಂತೆ ಹರಿಯುತ್ತಿದ್ದರೆ ಕಾಯುತ್ತೇನೆ ಅಥವಾ ಅಣೆಕಟ್ಟಿನ ಹತ್ತಿರಕ್ಕೆ ಹೋಗುತ್ತೇನೆ. ರಾಡಿನ ಉಂಗುರಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅದನ್ನು ಉಗುರಿನಿಂದ ಕೀಳಬೇಡಿ, ರಾಡಿನ ತುದಿಯನ್ನು ಹೊಳೆಗೆ ಅದ್ದಿದರೆ ಕರಗುತ್ತದೆ.

ಈಗ ನೆರೆಯವರ ಹೆದರಿಕೆ. ಎದೆಮಟ್ಟದ ಆ ಉಡುಪಿಗೆ ವೇಡರ್ಸ್ ಎನ್ನುತ್ತಾರೆ. ನೀರು ತುಂಬಿದರೆ ಅದು ಕೆಳಗೆ ಎಳೆಯುತ್ತದೆ ಎಂಬುದು ಹಳೆಯ ತಪ್ಪು ತಿಳಿವಳಿಕೆ. ನೀರಿನೊಳಗಿನ ನೀರಿಗೆ ಪ್ರತ್ಯೇಕ ತೂಕವಿಲ್ಲ. ಲೀ ವುಲ್ಫ್ ಎಂಬ ಅಮೆರಿಕದ ಪ್ರಸಿದ್ಧ ಮೀನುಗಾರ ಇದನ್ನು ತೋರಿಸಲೆಂದೇ ವೇಡರ್ಸ್ ತೊಟ್ಟು ಸೇತುವೆಯ ಮೇಲಿಂದ ನದಿಗೆ ಹಾರಿ, ಈಜಿ ಬಂದ. ನಿಜವಾದ ಅಪಾಯ ಬೇರೆಯದು. ನೀರು ತುಂಬಿದ ವೇಡರ್ಸ್‌ನಲ್ಲಿ ಕಾಲಾಡಿಸುವುದು ಕಷ್ಟ, ದಡ ಹತ್ತುವಾಗ ಆ ನೀರಿನ ಭಾರವೆಲ್ಲ ಮೈಮೇಲೆ ಬರುತ್ತದೆ. ಅದಕ್ಕೇ ಸೊಂಟಕ್ಕೆ ಬೆಲ್ಟನ್ನು ಬಿಗಿಯಾಗಿ ಕಟ್ಟಬೇಕು. ಬೆಲ್ಟಿಲ್ಲದೆ ಯಾರಾದರೂ ನಿಮ್ಮನ್ನು ನೀರಿಗೆ ಇಳಿಸಲು ಬಂದರೆ, ಮಗನೇ ಆದರೂ, ಬೇಡ ಎನ್ನಿ.

ನನಗೆ ಹೆಚ್ಚು ಚಿಂತೆ ಇರುವುದು ನೀರಿನ ತಂಪಿನ ಬಗ್ಗೆ. ನೀವು ಗಂಗಾವಳಿಯಲ್ಲಿ ಬಿದ್ದರೆ ಒದ್ದೆಯಾಗುತ್ತೀರಿ, ಈಜಿ ಬರುತ್ತೀರಿ. 4 ಡಿಗ್ರಿಯ ನೀರಿನಲ್ಲಿ ಈಜು ಬಲ್ಲವನೂ ಮೊದಲ ಒಂದು ನಿಮಿಷ ಉಸಿರಿನ ಮೇಲೆ ಹಿಡಿತ ಕಳೆದುಕೊಳ್ಳುತ್ತಾನೆ. ತಾನಾಗಿ ಬಾಯಿ ತೆರೆದು ಉಸಿರು ಎಳೆಯುತ್ತದೆ, ಆ ಹೊತ್ತಿಗೆ ಮುಖ ನೀರಿನಲ್ಲಿದ್ದರೆ ನೀರು ಒಳಗೆ ಹೋಗುತ್ತದೆ. ಚರ್ಮದ ರಕ್ತನಾಳಗಳು ಒಮ್ಮೆಲೇ ಮುದುಡಿ ಬಿಪಿ ಏರುತ್ತದೆ, ಎದೆ ಬಡಿತ ಓಡುತ್ತದೆ. ಆಮೇಲೆ ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಹೇಳಿದಂತೆ ಕೇಳುವುದಿಲ್ಲ. ಮೈ ಪೂರ್ತಿ ತಣ್ಣಗಾಗಿ ಪ್ರಜ್ಞೆ ತಪ್ಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಬಿದ್ದರೆ ಮೊದಲ ನಿಮಿಷ ಈಜಲು ಹೋಗದೆ ಮುಖ ಮೇಲಿಟ್ಟು, ಕಾಲನ್ನು ಹರಿವಿನ ದಿಕ್ಕಿಗೆ ಮಾಡಿ, ಉಸಿರು ಹತೋಟಿಗೆ ತಂದುಕೊಳ್ಳಬೇಕು. ಆರೋಗ್ಯವಂತ ಯುವಕನಿಗೆ ಇದು ಕೆಟ್ಟ ಅನುಭವವಾಗಿ ಮುಗಿಯಬಹುದು. 64ರ, ಬಿಪಿ ಇರುವ ಹೃದಯದ ಮೇಲೆ ಆ ಮೊದಲ ನಿಮಿಷದ ಹೊರೆಯನ್ನು ಹಾಕುವುದು ನನಗೆ ಒಪ್ಪಿತವಲ್ಲ. ಮೊಣಕಾಲಿಗಿಂತ ಆಳ ಬೇಡ ಎಂದದ್ದು ಇದಕ್ಕೆ. ಮೊಣಕಾಲುದ್ದದ ನೀರಿನಲ್ಲಿ ಜಾರಿದರೂ ಎದ್ದು ನಿಲ್ಲಬಹುದು, ಮಗ ಕೈಗೆಟಕುವಷ್ಟು ಹತ್ತಿರವಿರಬಹುದು.

ಅಟೆನೊಲಾಲ್ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಕೈಕಾಲು ತಣ್ಣಗಾಗುವುದು ಆ ಗುಂಪಿನ ಮಾತ್ರೆಗಳ ಗೊತ್ತಿರುವ ಅಡ್ಡಪರಿಣಾಮ. ಪಕ್ಕದವರಿಗಿಂತ ಮೊದಲೇ ನಿಮ್ಮ ಬೆರಳು ಮರಗಟ್ಟಬಹುದು. ನಾನು ಮೀನಿನವನು, ವೈದ್ಯನಲ್ಲ. ಮಾತ್ರೆಯನ್ನು ನೀವಾಗಿ ಬಿಡುವುದು, ಬದಲಿಸುವುದು ಮಾಡಬೇಡಿ, ಡಾಕ್ಟರರನ್ನೇ ಕೇಳಿ. ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ, ಡೆಕರ್ಸ್ ಇನ್ನೂ ಮೇಲೆ. ಸಮುದ್ರಮಟ್ಟದಿಂದ ಹೋದ ದೇಹಕ್ಕೆ ಏದುಸಿರು ಬರುವುದು ಸಹಜ. ಇಳಿದ ವಾರವೇ ಹೊಳೆಗೆ ಹೊರಡಬೇಡಿ. ಇನ್ನೊಂದು ಮಾತು: ಪ್ರವಾಸದ ಆರೋಗ್ಯ ವಿಮೆಗಳಲ್ಲಿ ಹಲವು ಮೊದಲೇ ಇದ್ದ ಕಾಯಿಲೆಯ ಖರ್ಚು ಕೊಡುವುದಿಲ್ಲ. ಪಾಲಿಸಿಯ ಆ ಪುಟವನ್ನು ಮಗನಿಂದ ಓದಿಸಿ.

ಬ್ರಾಂಡಿಯ ಸಲಹೆಯನ್ನು ಮರೆತುಬಿಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆಚ್ಚಗಾದಂತೆ ಅನಿಸುತ್ತದೆ. ಆ ಬಿಸಿ ಹೊಟ್ಟೆಯೊಳಗಿನಿಂದ ಬಂದು ಚರ್ಮದ ಮೂಲಕ ಹೊರಗೆ ಹೋಗುತ್ತಿರುವ ಬಿಸಿ. ಮೈ ಇನ್ನೂ ಬೇಗ ತಣ್ಣಗಾಗುತ್ತದೆ, ಕಾಲು ಇಡುವ ಅಂದಾಜೂ ತಪ್ಪುತ್ತದೆ. ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಒಯ್ಯಿರಿ.

ಬಟ್ಟೆಯಲ್ಲಿ ಹತ್ತಿ ಬೇಡ. ಬನಿಯನ್‌ನಿಂದ ಸಾಕ್ಸ್‌ವರೆಗೆ ಉಣ್ಣೆ ಅಥವಾ ಪಾಲಿಯೆಸ್ಟರ್. ಹತ್ತಿ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಚಳಿಯೆಂದು ಎರಡು ಸಾಕ್ಸ್ ತುರುಕಿ ಬೂಟು ಬಿಗಿ ಮಾಡಿಕೊಂಡರೆ ರಕ್ತ ಓಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಒಂದು ಅಳತೆ ದೊಡ್ಡ ಬೂಟು ಕೇಳಿ. ಅಡಿಗೆ ಉಣ್ಣೆಯಂಥ ಫೆಲ್ಟ್ ಇರುವ ಬೂಟು ಬೇಸಿಗೆಯ ಪಾಚಿಕಲ್ಲಿಗೆ ಒಳ್ಳೆಯದು. ಹಿಮದ ಮೇಲೆ ನಡೆದರೆ ಅದರಡಿ ಹಿಮ ಉಂಡೆಯಾಗಿ ಅಂಟಿಕೊಂಡು ಕಾಲು ಉಳುಕುತ್ತದೆ. ಲೋಹದ ಮೊಳೆಯಿರುವ ರಬ್ಬರ್ ಅಡಿ ಬೇಕು. ಕೈಯಲ್ಲಿ ಊರುಗೋಲು ಇರಲಿ. ದಡದಿಂದ ನೀರಿನ ಮೇಲೆ ಚಾಚಿಕೊಂಡ ಮಂಜುಗಡ್ಡೆಯ ಚಪ್ಪಡಿಯ ಮೇಲೆ ಕಾಲಿಡಲೇಬೇಡಿ, ಅದರ ಕೆಳಗೆ ಬರೀ ಹರಿವು. ಅಣೆಕಟ್ಟಿನಿಂದ ಬಿಡುವ ನೀರು ಹೆಚ್ಚುಕಡಿಮೆಯಾಗುವ ಸಂಗತಿ, ಕದ್ರಾದ ಗೇಟು ತೆರೆದಾಗ ಕಾಳಿಯ ದಂಡೆಯವರು ಏನು ಅನುಭವಿಸುತ್ತಾರೆಂದು ಬಲ್ಲ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಆಯಾ ಹೊತ್ತಿನ ಹರಿವಿನ ಪ್ರಮಾಣ ಸರ್ಕಾರಿ ಮಾಪನ ಕೇಂದ್ರಗಳಿಂದ ಫೋನಿನಲ್ಲೇ ಸಿಗುತ್ತದೆ. ಹೊರಡುವ ಬೆಳಿಗ್ಗೆ ಮಗ ಅದನ್ನು ನೋಡಲಿ. ಡೆನ್ವರ್ ಇರುವ ಕೊಲೊರಾಡೊ ರಾಜ್ಯದಲ್ಲಿ ಮೀನು ಹಿಡಿಯಲು ನಿಮಗೂ ಲೈಸೆನ್ಸ್ ಬೇಕು, ಒಂದು ದಿನದ್ದೂ ಸಿಗುತ್ತದೆ.

ಮನೆಯವರ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಹಿಡಿದು ಬಿಟ್ಟ ಮೀನಿಗೆ ಏನೂ ಆಗುವುದಿಲ್ಲ ಎಂದು ಹೇಳುವವರು ಸುಳ್ಳು ಹೇಳುತ್ತಾರೆ. ಎಳೆದಾಟದಲ್ಲಿ ಅದು ದಣಿಯುತ್ತದೆ, ತುಟಿಗೆ ಗಾಯವಾಗುತ್ತದೆ, ಒಂದಿಷ್ಟು ಮೀನು ಆಮೇಲೆ ಸಾಯುವುದೂ ಉಂಟು. ಆದರೆ ಹುಳ ಕಟ್ಟಿದ ಗಾಳವನ್ನು ಹೊಟ್ಟೆಯವರೆಗೆ ನುಂಗಿದ ಮೀನಿಗಿಂತ, ತುಟಿಗೆ ಸಿಕ್ಕಿದ ಫ್ಲೈನಿಂದ ಬಿಡಿಸಿದ ಮೀನು ಬದುಕುವ ಸಾಧ್ಯತೆ ಬಹಳ ಹೆಚ್ಚು. ತಂಪು ನೀರಿನಲ್ಲಿ ಆಮ್ಲಜನಕ ಧಾರಾಳ. 4 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ, 28 ಡಿಗ್ರಿಯಲ್ಲಿ 8ರ ಒಳಗೆ. ದಣಿದ ಮೀನು ಬದುಕುವ ಸಾಧ್ಯತೆ ಬಿಸಿ ನೀರಿಗಿಂತ ತಂಪು ನೀರಿನಲ್ಲಿ ಹೆಚ್ಚು. ಚಳಿಗಾಲಕ್ಕೇ ಸೇರಿದ ಒಂದು ಕೇಡು ಫೋಟೋದ ಆಸೆ. ಸೊನ್ನೆಗಿಂತ ಕೆಳಗಿನ ಗಾಳಿಗೆ ಮೀನನ್ನು ಎತ್ತಿ ಹಿಡಿದರೆ ಕಿವಿರಿನ ಎಳೆಗಳ ಮೇಲಿನ ನೀರು ಹೆಪ್ಪುಗಟ್ಟಿ ಎಳೆಗಳು ಹಾಳಾಗುತ್ತವೆ. ಮೀನನ್ನು ಬಲೆಯೊಳಗೆ, ನೀರೊಳಗೇ ಇಟ್ಟು, ಒದ್ದೆ ಕೈಯಿಂದ ಕೊಕ್ಕೆ ಬಿಡಿಸಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಡಿಸಿರಬೇಕು. ಇಷ್ಟಾದ ಮೇಲೂ ಅವರ ಮನಸ್ಸು ಒಪ್ಪದಿದ್ದರೆ ಅದು ಗೌರವಿಸಬೇಕಾದ ನಿಲುವು. ಒಂದೆರಡು ಮೀನು ಸಿಕ್ಕ ಮೇಲೆ ರಾಡ್ ಮಡಚಿ ಕೂರುವುದೂ ಒಂದು ದಾರಿ. ಚೀಸ್‌ಮನ್ ಕಣಿವೆಯಲ್ಲಂತೂ ನಿಯಮದ ಪ್ರಕಾರ ಮೀನನ್ನು ಬಿಡಲೇಬೇಕು, ಬುಟ್ಟಿಗೆ ಹಾಕುವಂತಿಲ್ಲ.

ಅಲ್ಲಿನ ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಹೆಣ್ಣು ಬಾಲದಿಂದ ಜಲ್ಲಿ ಬಗೆದು, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ನೀವು ಹೋಗುವ ಜನವರಿಯಲ್ಲಿ ಆ ಮೊಟ್ಟೆಗಳು ಜಲ್ಲಿಯೊಳಗೇ ಇರುತ್ತವೆ. ತೆಳು ನೀರಿನಲ್ಲಿ ಸುತ್ತಲಿನ ಪಾಚಿಗಲ್ಲಿಗಿಂತ ತೊಳೆದಂತೆ ಬೆಳ್ಳಗಿರುವ ಜಲ್ಲಿಯ ತುಂಡು ಕಂಡರೆ ಸುತ್ತುಹಾಕಿ ಹೋಗಿ. ಒಂದು ಹೆಜ್ಜೆ ಸಾಕು, ನೂರಾರು ಮೊಟ್ಟೆ ಹೋದಾವು.

ತೀರ್ಥನ್ ಬೇಡ ಎಂದದ್ದೂ ಮೊಟ್ಟೆಯ ಕಾರಣಕ್ಕೇ. ಟ್ರೌಟ್ ನಮ್ಮ ದೇಶದ್ದಲ್ಲ. ಬ್ರಿಟಿಷರ ಕಾಲದಲ್ಲಿ, 1900ರ ಸುಮಾರಿಗೆ ಬ್ರೌನ್ ಟ್ರೌಟ್‌ನ ಮೊಟ್ಟೆ ಹಡಗಿನಲ್ಲಿ ಕಾಶ್ಮೀರಕ್ಕೆ ಬಂತು, 1909ರಲ್ಲಿ ಕುಲ್ಲು ಕಣಿವೆಯ ನೀರಿಗೆ ಸೇರಿತು. ನೀಲಗಿರಿಯ ಅವಲಾಂಚೆಯಲ್ಲೂ ಆಗಲೇ ರೇನ್‌ಬೋ ಟ್ರೌಟ್ ನೆಲೆಸಿತು. ಹಿಮಾಚಲದಲ್ಲಿ ಈ ಮೀನು ಮೊಟ್ಟೆಯಿಡುವ ಕಾಲವೆಂದು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆ. ಯಾರಾದರೂ "ನೋಡಿಕೊಳ್ಳುತ್ತೇನೆ, ಬನ್ನಿ" ಎಂದರೂ ಹೋಗಬೇಡಿ. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ದಣಿಸಿದರೆ ಮುಂದಿನ ತಲೆಮಾರಿಗೇ ಪೆಟ್ಟು. ತೀರ್ಥನ್ ನೋಡುವ ಆಸೆಯಿದ್ದರೆ ಇನ್ನೊಂದು ಮಾರ್ಚ್‌ನಲ್ಲಿ, ಹಿಮ ಕರಗಿ ಹೊಳೆ ಕೆಂಪಾಗುವ ಮುಂಚೆ, ಲೈಸೆನ್ಸ್ ಪಡೆದು ಹೋಗಿ. ಮಳೆ ಮುಗಿದ ಅಕ್ಟೋಬರ್ ಕೂಡ ಒಳ್ಳೆಯ ಕಾಲ. ಕಾಶ್ಮೀರದ ಹೊಳೆಗಳು ತೆರೆಯುವುದು ಏಪ್ರಿಲ್‌ನಲ್ಲಿ.

ನಮ್ಮ ಘಟ್ಟದ ಹಳ್ಳಗಳಲ್ಲಿ ಟ್ರೌಟ್ ಬಿಟ್ಟರೆ ಬೆಳೆಯದೇ ಎಂದು ಶಿರಸಿ, ಯಲ್ಲಾಪುರ ಕಡೆಯವರು ನನ್ನನ್ನು ಆಗಾಗ ಕೇಳುತ್ತಾರೆ, ನಿಮಗೂ ಅದು ಹೊಳೆಯಬಹುದು. ಬೆಳೆಯುವುದಿಲ್ಲ. ನೀಲಗಿರಿಯಲ್ಲಿ ಅದು ಉಳಿದದ್ದು ಎರಡು ಸಾವಿರ ಮೀಟರಿನ ಎತ್ತರದಿಂದ. ಶಿರಸಿ 600 ಮೀಟರನ್ನೂ ಮುಟ್ಟುವುದಿಲ್ಲ. ಡಿಸೆಂಬರಿನ ಬೆಳಗಿನ ಚಳಿ ಗಾಳಿಯದು, ಏಪ್ರಿಲ್ ಬಂದರೆ ಹಳ್ಳದ ನೀರು ಟ್ರೌಟ್ ತಾಳುವ ಮಿತಿಯನ್ನು ದಾಟುತ್ತದೆ. ಒಂದು ವೇಳೆ ಬದುಕಿದ್ದರೂ ನಾನು ಬಿಡಲು ಹೇಳುತ್ತಿರಲಿಲ್ಲ. ಸಹ್ಯಾದ್ರಿಯ ಹಳ್ಳಗಳಿಗೆ ಅವುಗಳದ್ದೇ ಮೀನುಗಳಿವೆ, ಬೇರೆಲ್ಲೂ ಇಲ್ಲದವು. ಹೊರಗಿನ ಬೇಟೆಮೀನು ಬಂದರೆ ಮೊದಲು ಹೋಗುವುದು ಅವುಗಳ ಮರಿಗಳು. ವೇಡರ್ಸ್, ಬೂಟುಗಳನ್ನು ಊರಿಗೆ ತರುವುದಾದರೆ ಉಜ್ಜಿ ತೊಳೆದು, ಪೂರ್ತಿ ಒಣಗಿಸಿಯೇ ತನ್ನಿ. ಒಂದು ನದಿಯ ರೋಗ, ಬಸವನಹುಳು ಇನ್ನೊಂದಕ್ಕೆ ಸಾಗುವುದು ಹೀಗೆಯೇ.

ರಾಡನ್ನು ಗಂಗಾವಳಿಯಲ್ಲಿ ಬಳಸಬಹುದು, ಆದರೆ ಟ್ರೌಟ್‌ಗೆ ತೆಗೆದದ್ದು ಸಾಮಾನ್ಯವಾಗಿ 5ನೇ ನಂಬರಿನದು. ಕೊಕ್ಕೆಯ ಹಾಗಲ್ಲ, ರಾಡಿನಲ್ಲಿ ನಂಬರ್ ಹೆಚ್ಚಾದಷ್ಟೂ ಬಲ ಹೆಚ್ಚು. ಅಳಿವೆಯ ಗಾಳಿಗೆ ಅದರ ಹಗುರ ಲೈನು ನಿಲ್ಲುವುದಿಲ್ಲ, ಕುರುಡೆಯೋ ಕೆಂಸವೋ ಹಿಡಿದರೆ ರಾಡೇ ಮುರಿದೀತು. 8ನೇ ನಂಬರಿನ ರಾಡ್, ಉಪ್ಪುನೀರಿಗೆ ತಾಳುವ ರೀಲ್, ಸಿಗಡಿಯಂತೆ ಕಾಣುವ ದೊಡ್ಡ ಫ್ಲೈ, ಅದರ ಹಿಂದೆ ದಪ್ಪ ನೈಲಾನ್ ದಾರದ ಒಂದು ತುಂಡು. ಕುರುಡೆಯ ಕಿವಿರುಮುಚ್ಚಳದ ಅಂಚು ಹರಿತ, ತೆಳು ದಾರವನ್ನು ಕತ್ತರಿಸಿಬಿಡುತ್ತದೆ. ಇಳಿತ ಶುರುವಾಗಿ ಕಾಂಡ್ಲಾ ಗಿಡಗಳ ನಡುವಿನ ನೀರು ಹೊಳೆಗೆ ಇಳಿಯುವ ಬಾಯಿಯಲ್ಲಿ ಹಾಕಿ ನೋಡಿ. ಮನೆಗೆ ಬಂದೊಡನೆ ರೀಲನ್ನು ಸಿಹಿನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಅದು ತಿರುಗುವುದನ್ನು ನಿಲ್ಲಿಸುತ್ತದೆ.